ಹೆಜ್ಜಾರ್ಲೆಯ ಪಾಲಿನ ಮೀನು

ಅಮೆರಿಕದ ಐಡಾಹೊ ರಾಜ್ಯದ ಆಗ್ನೇಯ ಮೂಲೆಯಲ್ಲಿ ಹರಿಯುವ ಬ್ಲ್ಯಾಕ್‌ಫುಟ್ ದೊಡ್ಡ ನದಿಯೇನಲ್ಲ. ಸ್ನೇಕ್ ನದಿಯ ಹಲವು ಉಪನದಿಗಳಲ್ಲಿ ಅದೂ ಒಂದು. ನಡುದಾರಿಯಲ್ಲಿ ನೀರಾವರಿಗೆಂದು ಕಟ್ಟಿದ ಜಲಾಶಯವಿದೆ. ಆ ಜಲಾಶಯದಲ್ಲಿ ಬೆಳೆಯುವ ಯೆಲ್ಲೊಸ್ಟೋನ್ ಕಟ್‌ಥ್ರೋಟ್ ಎಂಬ ಟ್ರೌಟ್ ಮೀನು, ದವಡೆಯ ಕೆಳಗೆ ಕುಂಕುಮದ ಗೀರೆಳೆದಂತೆ ಕಾಣುವ ಮೀನು, ಪ್ರತಿ ವಸಂತದಲ್ಲಿ ಮೊಟ್ಟೆಯಿಡಲು ನದಿಯ ಮೇಲ್ಭಾಗಕ್ಕೆ ಈಜುತ್ತದೆ. ದಾರಿಯಲ್ಲಿ ತಡೆಯೊಡ್ಡಿ ಮೀನುಗಾರಿಕೆ ಇಲಾಖೆಯವರು ಅವನ್ನು ಒಂದೊಂದಾಗಿ ಎಣಿಸಿ ಮುಂದಕ್ಕೆ ಬಿಡುತ್ತಾರೆ. 2001ರಲ್ಲಿ ಹೀಗೆ ಎಣಿಕೆಗೆ ಸಿಕ್ಕವು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. 2005ರಲ್ಲಿ ಇಪ್ಪತ್ತೂ ಇರಲಿಲ್ಲ.

ಅದೇ ಜಲಾಶಯದ ನಡುವೆ ಗಲ್ ಎಂಬ ದ್ವೀಪವಿದೆ. ಸುತ್ತ ನೀರಿರುವುದರಿಂದ ನರಿ, ಕೊಯೋಟೆಗಳ ಕಾಟ ಕಡಿಮೆ. ಬಿಳಿ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಅಲ್ಲಿ ನೆಲದ ಮೇಲೇ ಗೂಡು ಮಾಡುತ್ತವೆ. 1990ರ ದಶಕದ ಆರಂಭದಲ್ಲಿ ಕೆಲವು ನೂರರಷ್ಟಿದ್ದ ಹಕ್ಕಿಗಳು ಮುಂದಿನ ದಶಕ ಮುಗಿಯುವುದರೊಳಗೆ ಎರಡು ಸಾವಿರ ದಾಟಿದವು. ಹಕ್ಕಿ ಏರುತ್ತಿದೆ, ಮೀನು ಇಳಿಯುತ್ತಿದೆ. ಗಾಳ ಹಾಕುವವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕಾಗದದ ಮೇಲೆ ಎರಡು ಗೆರೆ ಎಳೆದರೆ ಕಳ್ಳ ಯಾರೆಂದು ಮಕ್ಕಳೂ ಹೇಳಬಹುದು ಎನ್ನುವ ಸ್ಥಿತಿ.

ಇಂಥ ಜಗಳ ಬಂದಾಗಲೆಲ್ಲ ಜನ ಎರಡು ಪಕ್ಷವಾಗುತ್ತಾರೆ. ಹಕ್ಕಿ ದಿನಕ್ಕೆ ಇಷ್ಟು ಕಿಲೋ ತಿನ್ನುತ್ತದೆ, ಇಷ್ಟು ಸಾವಿರ ಹಕ್ಕಿಗಳಿವೆ, ಗುಣಿಸಿ ನೋಡಿ ಎನ್ನುವುದು ಒಂದು ಪಕ್ಷ. ಹಕ್ಕಿ ತಿನ್ನುವುದು ನಿಮಗೆ ಬೇಡದ ಮೀನನ್ನು, ನಿಮ್ಮ ಮೀನು ಅದರ ಹೊಟ್ಟೆಯಲ್ಲಿ ನೂರಕ್ಕೆ ಒಂದೋ ಎರಡೋ ಪಾಲು ಅಷ್ಟೆ ಎನ್ನುವುದು ಇನ್ನೊಂದು. ಮೊದಲನೆಯದು ಮೀನುಗಾರರ ಬಾಯಲ್ಲಿ, ಎರಡನೆಯದು ಪಕ್ಷಿಪ್ರೇಮಿಗಳ ಬಾಯಲ್ಲಿ ಕೇಳಿಬರುತ್ತದೆ. ನನ್ನ ಮಟ್ಟಿಗೆ ಎರಡೂ ಒಂದೇ ತಪ್ಪು ತಕ್ಕಡಿಯಲ್ಲಿ ತೂಗುತ್ತಿವೆ. ಹಕ್ಕಿ ಒಟ್ಟು ಎಷ್ಟು ತಿಂದಿತು ಎಂಬ ಪ್ರಶ್ನೆಗೆ ಎಷ್ಟೇ ನಿಖರವಾದ ಉತ್ತರ ಸಿಕ್ಕರೂ ಮೀನಿಗೆ ಏನಾಯಿತು ಎಂಬುದು ತಿಳಿಯುವುದಿಲ್ಲ. ಯಾವ ಮೀನನ್ನು, ಯಾವ ವಾರದಲ್ಲಿ, ಎಷ್ಟು ಆಳದ ನೀರಿನಲ್ಲಿ ತಿಂದಿತು ಎಂದು ಕೇಳಿದರೆ ಮಾತ್ರ ತಿಳಿಯುತ್ತದೆ. ಹಾಗೆ ಕೇಳಿದಾಗ ಉತ್ತರದಲ್ಲಿ ಹಕ್ಕಿಗಿಂತ ಹೆಚ್ಚಾಗಿ ನೀರಿನ ಸಂಗತಿಯೇ ಬರುತ್ತದೆ.

ಪಕ್ಷಿಪ್ರೇಮಿಗಳ ವಾದಕ್ಕೆ ಒಂದು ಇತಿಹಾಸವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಫ್ಲಾರಿಡಾದ ಪೆಲಿಕನ್ ಐಲೆಂಡ್ ಅಮೆರಿಕದ ಮೊಟ್ಟಮೊದಲ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣ. 1903ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಂದು ಹೆಜ್ಜಾರ್ಲೆಗಳ ಸಲುವಾಗಿಯೇ ಅದನ್ನು ಘೋಷಿಸಿದ್ದು. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರ ವಸಂತದಲ್ಲಿ, ಆಹಾರಕ್ಕೆ ಕೊರತೆ, ಮೀನಿಗೆ ಬೆಲೆ. ಜನರ ಬಾಯಿಗೆ ಹೋಗಬೇಕಾದ ಮೀನನ್ನು ಈ ಹಕ್ಕಿಗಳು ನುಂಗುತ್ತಿವೆ ಎಂದು ಸಿಟ್ಟಾದ ಬೆಸ್ತರು ದ್ವೀಪಕ್ಕೆ ನುಗ್ಗಿ ಇನ್ನೂ ಹಾರಲಾಗದ ನಾನೂರಕ್ಕೂ ಹೆಚ್ಚು ಮರಿಗಳನ್ನು ದೊಣ್ಣೆಯಲ್ಲಿ ಬಡಿದು ಕೊಂದರು. ಆಮೇಲೆ ನಡೆದ ಪರಿಶೀಲನೆಯಲ್ಲಿ ತಿಳಿದುಬಂದದ್ದು, ಆ ಹಕ್ಕಿಗಳ ಆಹಾರದ ಬಹುಪಾಲು ಮಾರುಕಟ್ಟೆಯಲ್ಲಿ ಯಾರೂ ಕೊಳ್ಳದ ಸಣ್ಣ ಮೀನು. ಅಂದಿನಿಂದ ಇಂದಿನವರೆಗೆ ಹೆಜ್ಜಾರ್ಲೆಯ ಪರ ವಕಾಲತ್ತು ವಹಿಸುವವರೆಲ್ಲ ಈ ಪ್ರಕರಣವನ್ನು ಎತ್ತಿಹಿಡಿಯುತ್ತಾರೆ. ಸರಿಯಾಗಿಯೇ ಎತ್ತಿಹಿಡಿಯುತ್ತಾರೆ. ಸಮುದ್ರದಂಚಿನ ವಿಶಾಲ ನೀರು, ಲೆಕ್ಕವಿಲ್ಲದಷ್ಟು ಮೀನು, ಹಲವು ಜಾತಿ. ಅಲ್ಲಿ ಹಕ್ಕಿ ತಿಂದದ್ದು ಗಣನೆಗೆ ಬರುವಂಥದಲ್ಲ.

ಆದರೆ ಅದೇ ತೀರ್ಪನ್ನು ಬ್ಲ್ಯಾಕ್‌ಫುಟ್‌ಗೆ ತಂದು ಅಂಟಿಸಲಾಗದು. ಒಂದು ಸಣ್ಣ ಲೆಕ್ಕ ಮಾಡೋಣ. ಇದು ನನ್ನ ಊಹೆಯ ಲೆಕ್ಕ, ಯಾವ ವರದಿಯದೂ ಅಲ್ಲ. ಅಮೆರಿಕದ ಬಿಳಿ ಹೆಜ್ಜಾರ್ಲೆ ದಿನಕ್ಕೆ ಸುಮಾರು 1.8 ಕಿಲೋ ಮೀನು ತಿನ್ನುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಎರಡು ಸಾವಿರ ಹಕ್ಕಿ, ನೂರು ದಿನ: ಒಟ್ಟು 360 ಟನ್. ಇದರಲ್ಲಿ ಬಹುಪಾಲು ಜಲಾಶಯದಲ್ಲಿ ತುಂಬಿ ತುಳುಕುವ ಸಕರ್, ಚಬ್, ಕಾರ್ಪ್ ಮೀನುಗಳು. ಅವು ಕಡಿಮೆಯಾದರೆ ಕಣ್ಣೀರು ಹಾಕುವವರು ಯಾರೂ ಇಲ್ಲ. ಕಟ್‌ಥ್ರೋಟ್ ನೂರಕ್ಕೆ ಒಂದೇ ಪಾಲು ಎಂದಿಟ್ಟುಕೊಳ್ಳಿ. ಆ ಒಂದು ಪಾಲು 3,600 ಕಿಲೋ ಆಯಿತು. ಮೊಟ್ಟೆಯಿಡಲು ಹೊರಟ ಮೀನು ಒಂದೊಂದು ಒಂದೂವರೆ ಕಿಲೋ ತೂಗಿದರೆ 2,400 ಮೀನು. ನದಿಗೆ ಬರುವುದೇ ಎರಡು ಮೂರು ಸಾವಿರವಾದಾಗ? ಹಕ್ಕಿಗೆ ಅದು ಊಟದೊಡನೆ ನೆಂಚಿಕೊಂಡ ಉಪ್ಪಿನಕಾಯಿ. ಮೀನಿನ ಪಾಲಿಗೆ ವಂಶವೇ ಮುಗಿಯುವ ಸಂಗತಿ. ಹಕ್ಕಿಯ ಹೊಟ್ಟೆ ಸೀಳಿ ನೋಡಿ ಒಂದೇ ಪಾಲು ಎಂದವರು ಸುಳ್ಳು ಹೇಳಿಲ್ಲ. ಅವರು ಹಕ್ಕಿಯ ಕಡೆಯಿಂದ ಭಾಗಿಸಿದರು, ಮೀನಿನ ಕಡೆಯಿಂದ ಭಾಗಿಸಬೇಕಿತ್ತು.

ಐಡಾಹೊದ ಜೀವವಿಜ್ಞಾನಿಗಳು ಮಾಡಿದ್ದು ಇದನ್ನೇ. ಹೊಟ್ಟೆ ಬಗೆಯುವುದನ್ನು ಬಿಟ್ಟು, ಮೀನಿನ ಒಡಲಿಗೆ ಅಕ್ಕಿಕಾಳಿನಷ್ಟು ದೊಡ್ಡ ಗುರುತಿನ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಸೇರಿಸಿ ನದಿಗೆ ಬಿಟ್ಟರು. ಹೆಜ್ಜಾರ್ಲೆ ಮೀನನ್ನು ಜೀರ್ಣಿಸಿಕೊಳ್ಳುತ್ತದೆ, ಚಿಪ್ಪನ್ನು ಹೊರಹಾಕುತ್ತದೆ. ಮರಿಗಳು ಹಾರಿಹೋಗಿ ದ್ವೀಪ ಖಾಲಿಯಾದ ಮೇಲೆ ಹಿಕ್ಕೆ, ಮೂಳೆ, ಒಣಗಿದ ಮೀನಿನ ಹುರುಪೆಗಳ ನಡುವೆ ಕೈಯಲ್ಲಿ ಓದುಯಂತ್ರ ಹಿಡಿದು ನೆಲವನ್ನು ಗೇಣುಗೇಣಾಗಿ ಸವರುತ್ತ ಹೋಗುವುದು. ಯಂತ್ರ ಕೂಗಿದಲ್ಲಿ ಒಂದು ಮೀನಿನ ಸಾವು ದಾಖಲಾಯಿತು. ಆದರೆ ಹಕ್ಕಿ ಎಲ್ಲ ಚಿಪ್ಪನ್ನೂ ದ್ವೀಪದಲ್ಲೇ ಉದುರಿಸುವುದಿಲ್ಲವಲ್ಲ, ಅರ್ಧ ನೀರಿಗೂ ಬೀಳಬಹುದು. ಅದಕ್ಕೂ ಉಪಾಯವಿತ್ತು. ಚಿಪ್ಪು ತುಂಬಿದ ಮೀನನ್ನು ಬೇಕೆಂದೇ ಹೆಜ್ಜಾರ್ಲೆಗಳಿಗೆ ತಿನ್ನಿಸಿ, ಅಂಥವುಗಳಲ್ಲಿ ಎಷ್ಟು ದ್ವೀಪದಲ್ಲಿ ಸಿಗುತ್ತವೆ ಎಂದು ನೋಡಿ, ಆ ಪ್ರಮಾಣದಿಂದ ಉಳಿದ ಲೆಕ್ಕವನ್ನು ತಿದ್ದಿದರು. ಹಕ್ಕಿ ಮತ್ತು ಮೀನಿನ ವ್ಯಾಜ್ಯದಲ್ಲಿ ನಾನು ಬಲ್ಲಂತೆ ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷ್ಯ ಸಂಗ್ರಹ ಇನ್ನೊಂದಿಲ್ಲ.

ಸಾಕ್ಷ್ಯ ಹೇಳಿದ್ದೇನು? ಹಕ್ಕಿಗಳು ಕಟ್‌ಥ್ರೋಟ್ ಅನ್ನು ತಿನ್ನುತ್ತಿದ್ದವು, ಕೆಲವು ವರ್ಷ ಭಾರಿ ಪ್ರಮಾಣದಲ್ಲೇ. ಪಕ್ಷಿಪ್ರೇಮಿಗಳು ಇದನ್ನು ಒಪ್ಪಲೇಬೇಕು. ಆದರೆ ವರ್ಷದಿಂದ ವರ್ಷಕ್ಕೆ ಪ್ರಮಾಣದಲ್ಲಿ ಅಜಗಜಾಂತರ. ನದಿ ತುಂಬಿ ಹರಿದ ವರ್ಷ ಸಾವು ಕಡಿಮೆ, ನೀರು ಸೊರಗಿದ ವರ್ಷ ಹೆಚ್ಚು. ಮೀನಿನ ಎಣಿಕೆ ಕುಸಿದ ಆ 2001ರಿಂದ 2005ರ ನಡುವಿನ ಅವಧಿ ಆ ಭಾಗದಲ್ಲಿ ಬರಗಾಲದ್ದು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮುಂದೆ ಒಳ್ಳೆಯ ನೀರಿನ ವರ್ಷಗಳು ಬಂದವು, ಮೀನು ಮತ್ತೆ ನೂರರ ಲೆಕ್ಕಕ್ಕೆ ಏರಿತು; ಹಕ್ಕಿಗಳು ಆಗಲೂ ಅಲ್ಲೇ ಇದ್ದವು.

ಇದರ ಕಾರಣ ಹೆಜ್ಜಾರ್ಲೆಯ ಮೈಕಟ್ಟಿನಲ್ಲೇ ಇದೆ. ನೀರುಕಾಗೆಯ ಹಾಗೆ ಮುಳುಗಿ ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ಅದಕ್ಕೆ ಬಾರದು. ಮೂಳೆಯೊಳಗೂ ಚರ್ಮದಡಿಯೂ ಗಾಳಿ ತುಂಬಿಕೊಂಡಿರುವ ಆ ದೊಡ್ಡ ದೇಹ ಬೆಂಡಿನ ತುಂಡಿನಂತೆ ತೇಲುತ್ತದೆ. ಕತ್ತು ಚಾಚಿ ಚೀಲದ ಕೊಕ್ಕನ್ನು ಬಲೆಯಂತೆ ಬೀಸಿದರೆ ಮೇಲಿನ ಒಂದು ಮೀಟರು ನೀರು ಕೈಗೆ ಸಿಗಬಹುದು, ಅದರಾಚೆ ಇಲ್ಲ. ಅದಕ್ಕೇ ಅವು ಗುಂಪು ಕಟ್ಟುವುದು. ಹತ್ತು ಹದಿನೈದು ಹಕ್ಕಿ ಅರ್ಧ ಚಂದ್ರಾಕಾರವಾಗಿ ಸಾಲುಗಟ್ಟಿ, ರೆಕ್ಕೆ ಬಡಿದು ಮೀನನ್ನು ದಡದ ಕಡೆಗೆ ದಬ್ಬುತ್ತ, ನೀರು ತೆಳ್ಳಗಾಗುವ ಜಾಗ ಬಂದೊಡನೆ ಎಲ್ಲವೂ ಒಟ್ಟಿಗೆ ತಲೆಯದ್ದುತ್ತವೆ. ಕೊಕ್ಕು ಮೇಲೆತ್ತಿ ಮೊದಲು ನೀರು ಸೋಸಿ ಬಿಡುವುದು, ಆಮೇಲೆ ನುಂಗುವುದು. ಈ ಇಡೀ ಕಸುಬು ನಿಂತಿರುವುದು ತೆಳ್ಳನೆಯ ನೀರಿನ ಮೇಲೆ. ಆಳವಾದ ಮಡು, ದಡದಲ್ಲಿ ಬಾಗಿದ ಮರದ ನೆರಳು, ನೀರಿನೊಳಗೆ ಬಿದ್ದ ದಿಮ್ಮಿ, ರಭಸದ ಹರಿವು ಇವುಗಳಲ್ಲಿ ಯಾವುದಾದರೂ ಒಂದು ಇದ್ದರೂ ಮೀನು ಪಾರು. ಜಲಾಶಯದ ನೀರನ್ನು ಹೊಲಗಳಿಗೆ ಹರಿಸಿ, ಬರದಲ್ಲಿ ಮಟ್ಟ ಇಳಿದು, ನದಿ ಜಲಾಶಯವನ್ನು ಸೇರುವ ಬಾಯಿ ಬಟಾಬಯಲಾಗಿ, ಮೊಣಕಾಲುದ್ದದ ನೀರಿನಲ್ಲಿ ಒಂದೂವರೆ ಕಿಲೋದ ಮೀನು ಬೆನ್ನುರೆಕ್ಕೆ ತೋರಿಸುತ್ತ ಮೇಲೆ ಏರಬೇಕಾಗಿ ಬಂದಾಗ ಹೆಜ್ಜಾರ್ಲೆ ಸುಮ್ಮನಿರಬೇಕು ಎಂದು ನಿರೀಕ್ಷಿಸುವವರು ಹಕ್ಕಿಯಿಂದ ಸನ್ಯಾಸ ಬಯಸುತ್ತಿದ್ದಾರೆ.

ಇನ್ನೂ ಒಂದು ಭೇದ ಇಲ್ಲಿ ಮುಖ್ಯ. ಹೇಗಿದ್ದರೂ ಸಾಯಲಿದ್ದ ಮೀನನ್ನು ಹಕ್ಕಿ ತಿಂದರೆ ನದಿಗೆ ನಷ್ಟವಿಲ್ಲ. ಒಂದು ತಾಯಿಮೀನು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ, ಅದರಲ್ಲಿ ದೊಡ್ಡದಾಗಿ ಬೆಳೆಯುವವು ಒಂದೆರಡು. ಮರಿಗಳ ಹಂತದಲ್ಲಿ ಹಕ್ಕಿ ನೂರನ್ನು ಎತ್ತಿಕೊಂಡರೆ ಉಳಿದವಕ್ಕೆ ಮೇವು ಹೆಚ್ಚಾಗಿ ಆ ನಷ್ಟ ಬಹುಮಟ್ಟಿಗೆ ತುಂಬಿಬರುತ್ತದೆ. ಆದರೆ ನಾಲ್ಕೈದು ವರ್ಷ ಬದುಕಿ, ಎಲ್ಲ ಗಂಡಾಂತರ ದಾಟಿ, ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹೊರಟ ಮೀನು ದಾರಿಯಲ್ಲಿ ಸತ್ತರೆ ಅದನ್ನು ತುಂಬಿಕೊಡುವುದು ಯಾವುದೂ ಇಲ್ಲ. ಹತ್ತು ಟನ್ ಮರಿಮೀನು ತಿಂದ ಹಕ್ಕಿಗಿಂತ ಒಂದು ಟನ್ ಬಸುರಿಮೀನು ತಿಂದ ಹಕ್ಕಿ ನದಿಗೆ ದುಬಾರಿ. ಕಿಲೋ ಲೆಕ್ಕದಲ್ಲಿ ಮಾತಾಡುವ ಇಬ್ಬರಿಗೂ ಕಾಣದೆ ಹೋಗುವುದು ಇದೇ.

ಐಡಾಹೊ ಸರ್ಕಾರ 2009ರಲ್ಲಿ ಹೆಜ್ಜಾರ್ಲೆ ನಿರ್ವಹಣಾ ಯೋಜನೆಯನ್ನೇ ಹೊರತಂದಿತು. ನದಿಬಾಯಲ್ಲಿ ಹಕ್ಕಿ ಓಡಿಸುವುದು, ಮೊಟ್ಟೆಗೆ ಎಣ್ಣೆ ಸವರುವುದು, ಪರವಾನಗಿ ಪಡೆದು ಒಂದಷ್ಟಕ್ಕೆ ಗುಂಡಿಕ್ಕುವುದು ಮೊದಲಾದ ಉಪಾಯಗಳು ಚರ್ಚೆಗೆ ಬಂದವು. ಗೂಡುಗಳ ಕಾಟ ತಪ್ಪಲೆಂದು ಬ್ಯಾಡ್ಜರ್, ಸ್ಕಂಕ್ ಎಂಬ ಮೊಟ್ಟೆಗಳ್ಳ ಪ್ರಾಣಿಗಳನ್ನು ಒಯ್ದು ಗಲ್ ದ್ವೀಪದಲ್ಲಿ ಬಿಟ್ಟದ್ದೂ ಆಯಿತು. ಓದಿದಾಗ ನಗು ಬರುತ್ತದೆ, ಆದರೆ ಯೋಜನೆ ಮಾಡಿದವರನ್ನು ಬರೀ ಕ್ರೂರಿಗಳೆಂದು ತಳ್ಳಿಹಾಕುವಂತಿಲ್ಲ. ಅವರ ಮುಂದೆ ಅಳಿಯುತ್ತಿರುವ ಒಂದು ದೇಸಿ ಮೀನಿತ್ತು. ನನ್ನ ತಕರಾರು ಬೇರೆ. ಮೀನು ಏರುವ ಆ ಕೆಲವು ವಾರ, ನದಿಬಾಯಿಯ ಆ ಒಂದೆರಡು ಮೈಲಿ, ಅಲ್ಲಿ ಪಟಾಕಿ ಸಿಡಿಸಿ, ದೋಣಿ ಓಡಿಸಿ ಹಕ್ಕಿಗಳನ್ನು ದೂರವಿಡುವುದು ನ್ಯಾಯವೇ. ಅದು ಹಾನಿಯಾಗುವ ಜಾಗಕ್ಕೇ ಮದ್ದು. ದ್ವೀಪದಲ್ಲಿ ಗೂಡು ಕೆಡಿಸುವುದೆಂದರೆ 360 ಟನ್ನಿನಲ್ಲಿ ಬೇಡದ ಮೀನು ತಿನ್ನುವ ಹಕ್ಕಿಯನ್ನೂ ಸೇರಿಸಿ ಶಿಕ್ಷಿಸಿದ ಹಾಗೆ. ಮೇಲಾಗಿ ಹೆಜ್ಜಾರ್ಲೆ ಮೇವಿಗೆ ಐವತ್ತು ಕಿಲೋಮೀಟರಿಗೂ ಮೀರಿ ಹಾರುವ ಹಕ್ಕಿ. ಒಂದು ದ್ವೀಪದಿಂದ ಎಬ್ಬಿಸಿದರೆ ಇನ್ನೊಂದರಿಂದ ಅದೇ ನದಿಬಾಯಿಗೆ ಬರುತ್ತದೆ, ಯಾಕೆಂದರೆ ಸುಲಭದ ಊಟ ಇನ್ನೂ ಅಲ್ಲೇ ಇದೆ. ಅದೇ ನದಿಯ ಮೇಲ್ಭಾಗದಲ್ಲಿ ರಂಜಕದ ಗಣಿಗಳಿಂದ ಸೆಲೆನಿಯಮ್ ನೀರಿಗಿಳಿಯುತ್ತದೆ, ದನ ಮೇದು ದಡ ಬೋಳಾಗಿದೆ. ಅವುಗಳನ್ನು ಓಡಿಸಲು ಪಟಾಕಿ ಸಾಲದು, ಮೊಕದ್ದಮೆ ಬೇಕು. ಹಕ್ಕಿಗೆ ವಕೀಲರಿಲ್ಲ ಎಂಬ ಅನುಕೂಲವೂ ಹಕ್ಕಿಯನ್ನೇ ದೂರುವುದರೊಳಗೆ ಸೇರಿದೆ ಎಂದು ನನ್ನ ಗುಮಾನಿ.

ಆ ಮೀನಿಗೆ ಹೆಸರು ಕೊಟ್ಟ ಯೆಲ್ಲೊಸ್ಟೋನ್‌ನ ಕಥೆ ಇನ್ನೂ ಕಣ್ಣು ತೆರೆಸುವಂಥದು. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ದೊಡ್ಡ ಸರೋವರದಲ್ಲಿ ಮೋಲಿ ಎಂಬ ಪುಟ್ಟ ದ್ವೀಪಗಳಿವೆ, ಅಲ್ಲೂ ಬಿಳಿ ಹೆಜ್ಜಾರ್ಲೆ ಗೂಡು ಮಾಡುತ್ತದೆ. 1920ರ ದಶಕದಲ್ಲಿ, ಟ್ರೌಟ್ ಉಳಿಸಬೇಕು ಎಂದು ಉದ್ಯಾನದ ಆಡಳಿತವೇ ಆ ದ್ವೀಪಗಳಿಗೆ ಹೋಗಿ ಮೊಟ್ಟೆ ಒಡೆದು ಮರಿ ಕೊಂದಿತು. ರಾಷ್ಟ್ರೀಯ ಉದ್ಯಾನದೊಳಗೆ! ಆಮೇಲೆ ಬುದ್ಧಿ ಬಂದು ನಿಲ್ಲಿಸಿದರು. ಹಕ್ಕಿ, ಕರಡಿ, ನೀರುನಾಯಿ, ಮೀನುಗಿಡುಗ ಎಲ್ಲವೂ ತಿನ್ನುತ್ತಿದ್ದರೂ ಟ್ರೌಟ್ ಹೇರಳವಾಗಿಯೇ ಇತ್ತು. 1994ರಲ್ಲಿ ಆ ಸರೋವರದಲ್ಲಿ ಲೇಕ್ ಟ್ರೌಟ್ ಎಂಬ ಹೊರಗಿನ ಮೀನು ಪತ್ತೆಯಾಯಿತು. ಯಾರೋ ಕದ್ದು ತಂದು ಬಿಟ್ಟದ್ದು. ಅದು ಕಟ್‌ಥ್ರೋಟ್‌ನ್ನು ತಿಂದು ಬೆಳೆಯುವ ಮೀನು, ಆಳದಲ್ಲಿ ಬಾಳುತ್ತದೆ, ಮೊಟ್ಟೆಯಿಡಲು ತೊರೆಗಳಿಗೂ ಬರುವುದಿಲ್ಲ, ಹಾಗಾಗಿ ಹಕ್ಕಿ ಕರಡಿಗಳ ಬಾಯಿಗೂ ಸಿಗದು. ಕೆಲವೇ ವರ್ಷಗಳಲ್ಲಿ ಕಟ್‌ಥ್ರೋಟ್ ನೆಲಕಚ್ಚಿತು, ಅದರ ಬೆನ್ನಿಗೇ ಹೆಜ್ಜಾರ್ಲೆಯೂ ಇಳಿಯಿತು. ಕರಡಿಗಳು ಎಲ್ಕ್ ಜಿಂಕೆಯ ಮರಿಗಳತ್ತ ತಿರುಗಿದವು. ಉದ್ಯಾನದವರು ಬಲೆ ಹಾಕಿ ಈವರೆಗೆ 40 ಲಕ್ಷಕ್ಕೂ ಹೆಚ್ಚು ಲೇಕ್ ಟ್ರೌಟ್ ತೆಗೆದಿದ್ದಾರೆ, ಇನ್ನೂ ತೆಗೆಯುತ್ತಲೇ ಇದ್ದಾರೆ. ಸಾವಿರಾರು ವರ್ಷ ಕಟ್‌ಥ್ರೋಟ್ ಅನ್ನು ತಿಂದ ಹಕ್ಕಿಗಳಿಂದ ಆಗದ ಅನಾಹುತ ಯಾವನೋ ಒಬ್ಬನ ಬಕೆಟ್ಟಿನಿಂದ ಆಯಿತು. ಲೇಕ್ ಟ್ರೌಟ್ ನೀರಿನಡಿ ಇತ್ತು, ಯಾರ ಕಣ್ಣಿಗೂ ಬೀಳಲಿಲ್ಲ. ಹೆಜ್ಜಾರ್ಲೆ ಒಂಬತ್ತಡಿ ರೆಕ್ಕೆ ಹರಡಿ ಹಾಡಹಗಲೇ ಊಟ ಮಾಡುತ್ತದೆ, ಅದರ ಗ್ರಹಚಾರ.

ಹೆಜ್ಜಾರ್ಲೆ ಹೆಚ್ಚಾಗಿದೆ ಎನ್ನುವ ಮಾತನ್ನೂ ಸ್ವಲ್ಪ ಕೆದಕಬೇಕು. ಯಾವುದಕ್ಕಿಂತ ಹೆಚ್ಚು? ಅಮೆರಿಕದಲ್ಲಿ ಡಿಡಿಟಿ 1972ರಲ್ಲಿ ನಿಷೇಧವಾಯಿತು. ಅದಕ್ಕೂ ಮುಂಚಿನ ದಶಕಗಳು ಬೇಟೆ, ಕೀಟನಾಶಕ, ಜೌಗು ಬತ್ತಿಸುವ ಕೆಲಸಗಳಿಂದ ಹಕ್ಕಿ ತೀರ ಕಡಿಮೆಯಾಗಿದ್ದ ಕಾಲ. ಆ ತಗ್ಗಿನಲ್ಲಿ ನಿಂತು ನೋಡುವವರಿಗೆ ಈಗಿನದು ಬೆಟ್ಟ. ನಮ್ಮ ಹೆಜ್ಜಾರ್ಲೆಯ ಚರಿತ್ರೆಯಲ್ಲಿ ಇನ್ನೂ ದೊಡ್ಡ ಪಾತಾಳವೊಂದಿದೆ. 1877ರಲ್ಲಿ ಯೂಜೀನ್ ಓಟ್ಸ್ ಎಂಬ ಪಕ್ಷಿತಜ್ಞ ಬರ್ಮಾದ ಸಿಟ್ಟಾಂಗ್ ನದಿಯ ಬಯಲಿನಲ್ಲಿ ನಮ್ಮ ಚುಕ್ಕೆಕೊಕ್ಕಿನ ಹೆಜ್ಜಾರ್ಲೆಗಳ ಗೂಡುಗಳು ಮೈಲಿಗಟ್ಟಲೆ ಕಾಡಿನಲ್ಲಿ ತುಂಬಿದ್ದನ್ನು ಕಂಡು ಲಕ್ಷಲಕ್ಷ ಹಕ್ಕಿಗಳೆಂದು ಬರೆದ. ಇಪ್ಪತ್ತನೆಯ ಶತಮಾನದ ನಡುವಿಗೆ ಬರುವಷ್ಟರಲ್ಲಿ ಅಲ್ಲಿ ಏನೂ ಉಳಿದಿರಲಿಲ್ಲ. ಈಗ ಇಡೀ ಜಗತ್ತಿನಲ್ಲಿ ಈ ಜಾತಿಯವು ಹದಿನೈದು ಸಾವಿರದ ಆಸುಪಾಸು, ಬಹುಪಾಲು ದಕ್ಷಿಣ ಭಾರತ, ಶ್ರೀಲಂಕಾ ಮತ್ತು ಕಾಂಬೋಡಿಯದಲ್ಲಿ. ಭಾರತದಲ್ಲಿ ಚೇತರಿಸಿಕೊಂಡಿತೆಂದೇ 2007ರಲ್ಲಿ ಅದನ್ನು ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿದರು.

ಆ ಚೇತರಿಕೆಯಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಪಾಲು ಸಣ್ಣದಲ್ಲ. ಶಿಂಷೆಯ ಹತ್ತಿರದ ಈ ಊರಿನಲ್ಲಿ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಮನೆಯ ಹಿತ್ತಿಲ ಹುಣಸೆ, ಆಲ, ಅರಳಿಗಳ ಮೇಲೆ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇದನ್ನು ಹೊರಜಗತ್ತಿಗೆ ತೋರಿಸಿದರು. ಊರವರಿಗೆ ತಲೆಮಾರುಗಳಿಂದ ಗೊತ್ತಿದ್ದ ವಿಷಯ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಮಾರ್ಚಿನಲ್ಲಿ ಹೋಗಿ ಹುಣಸೆಮರದ ಕೆಳಗೆ ನಿಂತರೆ ಎಲೆ ಕೊಂಬೆ ಸುಣ್ಣ ಬಳಿದಂತೆ ಬೆಳ್ಳಗೆ, ನೆಲದ ಮೇಲೆ ಅರೆಬರೆ ಜೀರ್ಣವಾದ ಜಿಲೇಬಿ ಮೀನು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಮೇಲೆ ತಾಯಿಯ ಗಂಟಲೊಳಗೆ ಕತ್ತಿನವರೆಗೆ ತಲೆ ತೂರಿಸಿದ ಮರಿ. ಕೆಳಗೆ ಗುಂಡಿ ತೋಡಿ ಕೆರೆಗೋಡು ತುಂಬಿ, ಹಿಕ್ಕೆ ಬೀಳಿಸಿಕೊಂಡು ಗೊಬ್ಬರ ಮಾಡುವ ರೈತ. ಕೆರೆಯ ಮೀನು ಹೊಲಕ್ಕೆ ಬರುವ ದಾರಿಯೂ ಇದೇ. ತಿಂದದ್ದನ್ನು ಮಾತ್ರ ಲೆಕ್ಕ ಹಿಡಿಯುವವರು ಈ ಗುಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಮೈಸೂರಿನ ಕುಕ್ಕರಹಳ್ಳಿ, ಕಾರಂಜಿ ಕೆರೆಗಳಲ್ಲಿ, ರಂಗನತಿಟ್ಟಿನಲ್ಲಿ, ಬೆಂಗಳೂರಿನ ಕೆರೆಗಳಲ್ಲಿ ಹೆಜ್ಜಾರ್ಲೆ ಅಪರೂಪದ ಅತಿಥಿಯಲ್ಲ. ಅದರ ಹಿಂದೆಯೇ ಕೆರೆಯ ಮೀನುಪಾಶುವಾರು ಹಕ್ಕು ಹಿಡಿದವರ ಗೋಳೂ ಕೇಳಿಬರುತ್ತಿದೆ. ಬಿತ್ತನೆ ಮರಿ ಬಿಟ್ಟದ್ದಷ್ಟು, ಬಲೆಗೆ ಬಂದದ್ದು ಇಷ್ಟೇ, ಉಳಿದದ್ದೆಲ್ಲ ಹಕ್ಕಿಯ ಪಾಲು ಎನ್ನುವ ಮಾತು. ಇದನ್ನು ನಂಬಬೇಕೆ? ಬ್ಲ್ಯಾಕ್‌ಫುಟ್‌ನಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲೂ ಕೇಳಬೇಕು.

ಯಾವ ಮೀನು? ನಮ್ಮ ಕೆರೆಗಳಲ್ಲಿ ಹೆಜ್ಜಾರ್ಲೆಗೆ ಸುಲಭವಾಗಿ ಸಿಗುವುದು ಮೇಲ್ನೀರಿನಲ್ಲಿ, ದಡದಲ್ಲಿ ಗುಂಪಾಗಿ ತಿರುಗುವ ಜಿಲೇಬಿ ಮತ್ತು ಬೇರೆ ಸಣ್ಣ ಮೀನು. ಜಿಲೇಬಿ ಯಾರೂ ಬಿಡದಿದ್ದರೂ ತಾನೇ ಹೆಚ್ಚುವ ಮೀನು. ಕಾಟ್ಲಾ, ರೋಹುವಿನ ಮೇವಿಗೆ ಪೈಪೋಟಿ. ಅದನ್ನು ಹಕ್ಕಿ ತಿಂದರೆ ಗುತ್ತಿಗೆದಾರನಿಗೆ ಉಪಕಾರವೇ. ಯಾವ ಕಾಲ? ಮಳೆಗಾಲದಲ್ಲಿ ಕೆರೆ ತುಂಬಿದ ಮೇಲೆ ಮರಿ ಬಿಡುತ್ತಾರೆ; ಬೆಳ್ಳೂರಿಗೆ ಹೆಜ್ಜಾರ್ಲೆ ಬರುವುದು ಮಳೆಗಾಲ ಮುಗಿಯುತ್ತ ಬಂದಾಗ, ಮರಿಗಳಿಗೆ ಹೆಚ್ಚು ಆಹಾರ ಬೇಕಾಗುವುದು ಬೇಸಿಗೆಯ ಹೊಸ್ತಿಲಲ್ಲಿ. ಅಷ್ಟರಲ್ಲಿ ಬಿಟ್ಟ ಮರಿ ಬೆಳೆದಿರುತ್ತದೆ, ಆಳಕ್ಕಿಳಿದು ಪಾರಾಗಬಲ್ಲದು, ನೀರು ಇದ್ದರೆ. ಇದ್ದರೆ ಎಂಬ ಮಾತಿನಲ್ಲೇ ಎಲ್ಲ ಸಿಕ್ಕಿಕೊಂಡಿದೆ. ಹೂಳು ತುಂಬಿ ಆಳ ಕಳೆದುಕೊಂಡ ಕೆರೆ ಫೆಬ್ರುವರಿಗೇ ಅರ್ಧ ಬತ್ತಿ ಮೊಣಕಾಲುದ್ದಕ್ಕೆ ಬಂದರೆ ಎರಡು ಕಿಲೋದ ಮೀನೂ ಬೆನ್ನು ತೋರಿಸುತ್ತದೆ. ಆಗ ಹಕ್ಕಿ ಮಾಡುವ ನಷ್ಟ ನಿಜ. ಆಗ ಗುತ್ತಿಗೆದಾರ ಸುಳ್ಳು ಹೇಳುತ್ತಿಲ್ಲ. ಅವನು ದೂರಬೇಕಾದದ್ದು ಹೂಳನ್ನು, ದೂರುತ್ತಿರುವುದು ಹಕ್ಕಿಯನ್ನು, ಅಷ್ಟೆ. ಕೆಲವು ಕೆರೆಗಳಲ್ಲಿ ಬೆರಳುದ್ದವೂ ಇಲ್ಲದ ಮರಿಯನ್ನು ತಂದು ಸುರಿಯುತ್ತಾರೆ. ಅದರ ಬಹುಪಾಲು ಜಿಲೇಬಿ, ಮರಲು ಮೀನು, ಹಾವು, ಮಿಂಚುಳ್ಳಿ, ನೀರುಕಾಗೆಗಳ ಹೊಟ್ಟೆಗೆ ಹೋಗುತ್ತದೆ, ಕೊಳಚೆ ಸೇರಿ ಉಸಿರುಗಟ್ಟಿ ಸಾಯುವುದು ಬೇರೆ. ಅಲ್ಲೂ ಕೊನೆಗೆ ಹೆಸರು ಕೇಳುವುದು ಕಣ್ಣಿಗೆ ಕಾಣುವ ದೊಡ್ಡ ಹಕ್ಕಿಯದೇ.

ಕಾವೇರಿಯ ವಿಷಯದಲ್ಲಿ ನಾನು ಇನ್ನೂ ಖಡಾಖಂಡಿತವಾಗಿ ಹೇಳಬಲ್ಲೆ. ಆ ನದಿಯ ದೊಡ್ಡ ಮೀನು, ಬೆನ್ನು ಗೂನಾದ ಮಹಶೀರ್, ಇಂದು ಅಳಿವಿನಂಚಿನ ಅತ್ಯಂತ ಗಂಭೀರ ಪಟ್ಟಿಯಲ್ಲಿದೆ. 2018ರವರೆಗೆ ಅದಕ್ಕೆ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಅದನ್ನು ಆ ಗತಿಗೆ ತಂದದ್ದು ಅಣೆಕಟ್ಟು, ಮರಳು ಗಣಿ, ಸಿಡಿಮದ್ದಿನ ಮೀನುಬೇಟೆ, ಮತ್ತು ಸಂರಕ್ಷಣೆಯ ಹೆಸರಿನಲ್ಲೇ ತಂದು ಬಿಟ್ಟ ಬೇರೆ ನದಿಯ ಮಹಶೀರ್ ಜಾತಿ. ಯೆಲ್ಲೊಸ್ಟೋನಿನ ಬಕೆಟ್ಟು ಇಲ್ಲಿ ಸರ್ಕಾರಿ ಸಮಾರಂಭದಲ್ಲೇ ಖಾಲಿಯಾಯಿತು ಎನ್ನಬಹುದು. ಬಂಡೆಗಳ ನಡುವಿನ ಆಳದ ಮಡುವಿನಲ್ಲಿ ಬಾಳುವ ಆ ಮೀನಿಗೂ ಹೆಜ್ಜಾರ್ಲೆಗೂ ಭೇಟಿಯಾಗುವುದೇ ಅಪರೂಪ.

ಇನ್ನೊಂದು ಮುಖವೂ ಇದೆ. ಮೀನಿಗೆ ಹಕ್ಕಿಯಿಂದ ಏನಾಯಿತೆಂದು ಕೇಳುವ ನಾವು ಹಕ್ಕಿಗೆ ಮೀನಿನಿಂದ ಏನಾಯಿತೆಂದು ಕೇಳುವುದಿಲ್ಲ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳಲ್ಲಿ ಕೊಕ್ಕರೆ ಬೆಳ್ಳೂರಿನ ಮರಗಳಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬೀಳತೊಡಗಿದವು. ಹಕ್ಕಿಜ್ವರವಿರಬಹುದೆಂಬ ಆತಂಕ ಎದ್ದಿತು. ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಯ ತುಂಬ ದುಂಡು ಹುಳು. ಮೀನಿನ ಮೂಲಕ ಹಕ್ಕಿಗೆ ಬರುವ ಹುಳುವದು. ನೀರು ಕಡಿಮೆಯಾಗಿ ಕೊಳಕು ಹೆಚ್ಚಾದ ಕೆರೆಯಲ್ಲಿ ಮೀನಿನ ಮೈಯಲ್ಲಿ ಅದಕ್ಕೆ ಹುಲುಸು. ಅದೇ ಕೆರೆಗಳ ಮೀನನ್ನು ನಾವೂ ತಿನ್ನುತ್ತೇವೆ, ಬೇಯಿಸಿ ತಿನ್ನುತ್ತೇವೆ ಎಂಬುದಷ್ಟೇ ವ್ಯತ್ಯಾಸ.

ಹಾಗಿದ್ದರೆ ಮೀನುಗಾರ ಸಹಿಸಿಕೊಂಡು ಕೂರಬೇಕೆ? ಕೂರಬೇಕಿಲ್ಲ. ವನ್ಯಜೀವಿ ಕಾಯ್ದೆ ಹಕ್ಕಿಯನ್ನು ಕಾಯುತ್ತದೆ, ಅದರ ಊಟದ ಖರ್ಚು ಮಾತ್ರ ಸಾಲ ಮಾಡಿ ಗುತ್ತಿಗೆ ಹಿಡಿದ ಸಹಕಾರ ಸಂಘದ ಮೇಲೆ ಬೀಳುತ್ತದೆ. ಬೆಂಗಳೂರಿನಿಂದ ಕ್ಯಾಮೆರಾ ಹೊತ್ತು ಬರುವವರು ಹಕ್ಕಿ ನೋಡಿ ಸಂತೋಷಪಟ್ಟು ಹೋಗುತ್ತಾರೆ, ದುಡ್ಡು ಕೊಡುವವನು ಬೆಸ್ತ. ಇದು ಅನ್ಯಾಯ. ಇದಕ್ಕೆ ಪರಿಹಾರದ ಮಾದರಿ ಹುಡುಕಿಕೊಂಡು ಐಡಾಹೊಗೆ ಹೋಗಬೇಕಾಗಿಲ್ಲ. ಬೆಳ್ಳೂರಿನಲ್ಲಿ ಗೂಡಿರುವ ಹುಣಸೆಮರದ ಫಸಲು ಕೈಬಿಡುವ ಮಾಲೀಕರಿಗೆ ಅರಣ್ಯ ಇಲಾಖೆ ಮರವಾರು ಪರಿಹಾರ ಕೊಡುತ್ತ ಬಂದಿದೆ. ಮೊತ್ತ ಸಾಲದೆಂಬ ದೂರು ಇದೆ, ತಡವಾಗುತ್ತದೆಂಬ ದೂರೂ ಇದೆ. ಆದರೂ ಹಕ್ಕಿಗೆ ಜಾಗ ಕೊಟ್ಟವನ ನಷ್ಟ ಊರೆಲ್ಲರದು ಎಂಬ ತತ್ತ್ವವನ್ನು ಅದು ಒಪ್ಪಿಕೊಂಡಿದೆ. ಗೂಡು ಕಟ್ಟುವ ಮರಕ್ಕೆ ಅನ್ವಯಿಸುವ ತತ್ತ್ವ ಊಟ ಹಾಕುವ ಕೆರೆಗೆ ಯಾಕೆ ಅನ್ವಯಿಸಬಾರದು? ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ: ಬೆಳ್ಳೂರಿನ ಹಕ್ಕಿಗಳು ಮೇವಿಗೆ ಹೋಗುವ ಕೆರೆಗಳು ಯಾವುವೆಂದು ಎ‌ಲ್ಲರಿಗೂ ಗೊತ್ತು. ಅಂಥ ಕೆರೆಗಳ ಗುತ್ತಿಗೆ ದರವನ್ನು ಇಳಿಸಬಹುದು. ಬೆರಳುದ್ದದ ಮರಿಯ ಬದಲು ಬಲೆ ಹೊದಿಸಿದ ಕೊಳದಲ್ಲಿ ಗೇಣುದ್ದಕ್ಕೆ ಬೆಳೆಸಿದ ಮರಿಯನ್ನು ಇಲಾಖೆಯೇ ಕೊಡಬಹುದು. ಖರ್ಚು ಹೆಚ್ಚು, ಉಳಿಯುವ ಮೀನೂ ಹೆಚ್ಚು. ಹೂಳೆತ್ತುವಾಗ ಇಡೀ ಕೆರೆಯನ್ನು ತಟ್ಟೆಯಂತೆ ಸಮ ಮಾಡದೆ ಒಂದೆರಡು ಕಡೆ ಆಳದ ಗುಂಡಿ ಬಿಟ್ಟರೆ ಬೇಸಿಗೆಯಲ್ಲಿ ದೊಡ್ಡ ಮೀನಿಗೆ ಅಡಗುದಾಣ, ದಡದ ತೆಳು ನೀರಿನಲ್ಲಿ ಹಕ್ಕಿಗೆ ಜಿಲೇಬಿ.

ಇವಕ್ಕೆಲ್ಲ ಮೊದಲು ಬೇಕಾದದ್ದು ಎಣಿಕೆ. ನಮ್ಮಲ್ಲಿ ಹಕ್ಕಿ ಎಣಿಸುವವರು ಸಾಕಷ್ಟಿದ್ದಾರೆ, ಪ್ರತಿ ಜನವರಿಯಲ್ಲಿ ದುರ್ಬೀನು ಹಿಡಿದು ಕೆರೆ ಸುತ್ತುತ್ತಾರೆ. ಮೀನು ಎಣಿಸುವವರು ಬಲೆ ಎಳೆಯುವವರೇ, ಅವರ ಲೆಕ್ಕ ಸಂಘದ ರಿಜಿಸ್ಟರಿನಲ್ಲಿ ಕೂತಿದೆ: ಬಿಟ್ಟ ಮರಿ ಎಷ್ಟು, ಯಾವ ತಿಂಗಳು, ಬಲೆಗೆ ಬಂದದ್ದೆಷ್ಟು, ಯಾವ ಜಾತಿ. ಆ ಎರಡು ಪುಸ್ತಕಗಳ ಪಕ್ಕದಲ್ಲಿ ಆ ತಿಂಗಳ ಕೆರೆಯ ನೀರಿನ ಮಟ್ಟವನ್ನು ಬರೆದಿಡುವ ಮೂರನೆಯ ಪುಸ್ತಕವೊಂದು ಬೇಕು. ಒಂದು ಅಳತೆಪಟ್ಟಿಯನ್ನು ತೂಬಿನ ಕಲ್ಲಿಗೆ ಬಡಿದು ವಾರಕ್ಕೊಮ್ಮೆ ನೋಡಿ ಬರೆಯಲು ನೀರುಗಂಟಿಯೇ ಸಾಕು. ಐದು ವರ್ಷದ ಗುತ್ತಿಗೆ ಮುಗಿಯುವಷ್ಟರಲ್ಲಿ ಮುಂದಿನ ದರ ನಿಗದಿ ಮಾಡುವವರ ಮೇಜಿನ ಮೇಲೆ ಮೂರೂ ಪುಸ್ತಕ ಇರಬೇಕು.